ಅರ್ಧ ರೇಟಿನ ಪೋರ್ಷೆ ಮತ್ತು 'ಇನ್ವೆಸ್ಟ್‌ಮೆಂಟ್' ಎಂಬ ಸುಳ್ಳು

ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು "ಅಗ್ಗಕ್ಕೆ ಸಿಗ್ತಿದೆ" ಅನ್ನೋರನ್ನ ಕಂಡರೆ ನನಗೆ ಮೈ ಉರಿಯುತ್ತೆ. "ಅದೆಲ್ಲ ನಮ್ಮಂಥವರಿಗಲ್ಲ" ಅಂತ ಉಪದೇಶ ಮಾಡೋರನ್ನ ಕಂಡರೆ ಇನ್ನೊಂಚೂರು ಜಾಸ್ತಿ ಉರಿಯುತ್ತೆ. ಮೂರು ತಿಂಗಳಿಂದ ಈ ಎರಡು ಪಂಗಡಗಳ ಮಧ್ಯೆ ಸಿಕ್ಕಿಹಾಕಿಕೊಂಡಿದ್ದೀನಿ. ಇಬ್ಬರಿಗೂ ಒಟ್ಟಿಗೇ ಉತ್ತರ ಕೊಟ್ಟುಬಿಡೋಣ ಅಂತ ಈ ಬರಹ. ಕಾರಿನ ಬಗ್ಗೆ ಆಸಕ್ತಿ ಇಲ್ಲದವರು ದಯವಿಟ್ಟು ಓಡಿಹೋಗಬೇಡಿ, ಇದರಲ್ಲಿ ಕಾರಿಗಿಂತ ದುಡ್ಡಿನ ಮಾತೇ ಜಾಸ್ತಿ :)

ವಿಷಯ ಇಷ್ಟು. ಊರಲ್ಲಿ ಅಪ್ಪನ ಜಮೀನಿನ ಒಂದು ಭಾಗ ಹೈವೇ ಅಗಲ ಮಾಡೋದಕ್ಕೆ ಹೋಯ್ತು. ಪರಿಹಾರ ಬಂತು, ಪಾಲಾಯ್ತು, ನನ್ನ ಪಾಲು ಬ್ಯಾಂಕಿನಲ್ಲಿ ಕೂತಿದೆ. ಮಗಳ ಓದಿಗೆ, ಮನೆ ಸಾಲಕ್ಕೆ ಅಂತ ತೆಗೆದಿಟ್ಟ ಮೇಲೆ ಉಳಿದಿರೋದು 50 ಲಕ್ಷದ ಆಸುಪಾಸು. ಬೆಂಗಳೂರಿನಲ್ಲಿ ಇವತ್ತು ಇದಕ್ಕೆ ಒಂದು ನೆಟ್ಟಗಿನ ಸೈಟೂ ಬರಲ್ಲ. ಆದರೆ ಒಂದು ಹಳೇ ಪೋರ್ಷೆ ಕೇಮನ್ ಬರುತ್ತೆ! 2014ರ ಮಾಡೆಲ್, ಕಂಪನಿಯವರ ಲೆಕ್ಕದಲ್ಲಿ 981 ಅನ್ನೋ ಪೀಳಿಗೆ. ಎಂಜಿನ್ ಇರೋದು ಸೀಟಿನ ಹಿಂದೆ, ಹಿಂದಿನ ಚಕ್ರಗಳ ಮುಂದೆ. ಆರು ಸಿಲಿಂಡರು, ಎಡಕ್ಕೆ ಮೂರು ಬಲಕ್ಕೆ ಮೂರು ಮಲಗಿಸಿದ ಹಾಗೆ. 2.7 ಲೀಟರ್, 275 ಅಶ್ವಶಕ್ತಿ, ಟರ್ಬೋ ಇಲ್ಲ. 2016ರಲ್ಲಿ ಬಂದ 718 ಪೀಳಿಗೆಯಲ್ಲಿ ಇದೇ ಜಾಗಕ್ಕೆ ನಾಲ್ಕು ಸಿಲಿಂಡರಿನ ಟರ್ಬೋ ಎಂಜಿನ್ ತಂದು ಕೂರಿಸಿದರು. ಶಕ್ತಿ ಜಾಸ್ತಿ ಆಯ್ತು, ಸದ್ದು ಕೆಟ್ಟಿತು. ಅದಕ್ಕೇ ನನಗೆ ಬೇಕಿರೋದು ಹಳೇದು.

ಡೀಲರ್ ಕೇಳಿದ್ದು 52 ಲಕ್ಷ. ಓಡಿರೋದು 14 ಸಾವಿರ ಕಿಲೋಮೀಟರ್ ಅಂತೆ. ನಂಬರ್ ಪ್ಲೇಟು ಹೊರ ರಾಜ್ಯದ್ದು.

ಮೊದಲ ಪಂಗಡದ ನಾಯಕ ನನ್ನ ಆಫೀಸಿನ ಗೆಳೆಯ. "ಗುರೂ, ಹೊಸದರ ಅರ್ಧ ರೇಟು! ಡಿಪ್ರಿಸಿಯೇಷನ್ ಎಲ್ಲ ಮೊದಲನೇ ಓನರ್ ತಿಂದುಬಿಟ್ಟಿದ್ದಾನೆ. ಇನ್ಮೇಲೆ ಇದರ ಬೆಲೆ ಏರೋದೇ. ಇದು ಖರ್ಚಲ್ಲ, ಇನ್ವೆಸ್ಟ್‌ಮೆಂಟು" ಅಂತ ಅವನ ವಾದ. ಇದನ್ನ ಅವನೊಬ್ಬನೇ ಹೇಳಿದ್ದರೆ ನಕ್ಕು ಬಿಡ್ತಿದ್ದೆ. ಡೀಲರ್ ಕೂಡ ಅದೇ ಮಾತು, ಯೂಟ್ಯೂಬಿನಲ್ಲಿ ಸನ್‌ಗ್ಲಾಸ್ ಹಾಕಿಕೊಂಡು ಮಾತಾಡೋ ಹುಡುಗರೂ ಅದೇ ಮಾತು. ಹಾಗಾಗಿ ಒಂದೊಂದೇ ಬಿಚ್ಚಿ ನೋಡೋಣ.

ಅರ್ಧ ರೇಟು ಯಾವುದಕ್ಕೆ? ಕಾರಿಗೆ ಮಾತ್ರ. ಬ್ರೇಕ್ ಡಿಸ್ಕಿಗೆ ಅಲ್ಲ, ಡ್ಯಾಂಪರಿಗೆ ಅಲ್ಲ, ಹೆಡ್‌ಲೈಟಿಗೆ ಅಲ್ಲ. ಕಾರಿನ ಬೆಲೆ ವರ್ಷ ವರ್ಷಕ್ಕೆ ಇಳಿಯುತ್ತೆ. ಬಿಡಿಭಾಗದ ಬೆಲೆ ಜರ್ಮನಿಯಲ್ಲಿ ಯೂರೋ ಲೆಕ್ಕದಲ್ಲಿ ಏರುತ್ತೆ, ಆಮೇಲೆ ಕಸ್ಟಮ್ಸ್ ಸುಂಕ ಹೊತ್ತುಕೊಂಡು ಇಲ್ಲಿಗೆ ಬರುತ್ತೆ. ಅಂದರೆ ನೀವು ಕೊಂಡಿದ್ದು ಕೋಟಿ ರೂಪಾಯಿಯ ಕಾರನ್ನೇ. ಅದರ ಹೊಟ್ಟೆ ಕೋಟಿಯ ಕಾರಿನ ಹೊಟ್ಟೆಯೇ, ನಿಮ್ಮ ಜೇಬು ಮಾತ್ರ ಅರ್ಧದ್ದು. ಆನೆ ಅರ್ಧ ಬೆಲೆಗೆ ಸಿಕ್ಕಿತು ಅಂತ ಅದು ಅರ್ಧ ಹೊರೆ ಹುಲ್ಲು ತಿಂದು ಸುಮ್ಮನಿರುತ್ತಾ?

ಇದನ್ನ ಎಲ್ಲರೂ ಒಪ್ಪುತ್ತಾರೆ, ಒಪ್ಪಿಕೊಂಡು ತಕ್ಷಣ "ಇನ್ಶೂರೆನ್ಸ್ ಇದೆಯಲ್ಲ" ಅಂತಾರೆ. ಇನ್ಶೂರೆನ್ಸ್ ವಿಷಯ ಸ್ವಲ್ಪ ಕೂತು ಓದಿ ಮಾರಾಯ್ರೆ. ನಮ್ಮ ದೇಶದಲ್ಲಿ ಸಾಮಾನ್ಯ ಪಾಲಿಸಿಯಲ್ಲಿ ಬಿಡಿಭಾಗಕ್ಕೆ ಸವಕಳಿ ಕಳೆದೇ ದುಡ್ಡು ಕೊಡೋದು. ರಬ್ಬರು, ಪ್ಲಾಸ್ಟಿಕ್ಕು, ಟೈರು, ಬ್ಯಾಟರಿಗೆ ಶೇ. 50 ಕಡಿತ, ಕಾರು ಹೊಸದಿರಲಿ ಹಳೇದಿರಲಿ. ಫೈಬರ್ ಗ್ಲಾಸಿಗೆ ಶೇ. 30. ಲೋಹದ ಭಾಗಗಳಿಗೆ ಕಾರಿನ ವಯಸ್ಸಿನ ಮೇಲೆ ಕಡಿತ. 5ರಿಂದ 10 ವರ್ಷದ ಕಾರಿಗೆ ಶೇ. 40, ಹತ್ತು ದಾಟಿದರೆ ಶೇ. 50. ಗಾಜಿಗೆ ಮಾತ್ರ ಕಡಿತ ಇಲ್ಲ. ಈ ಕಡಿತ ತಪ್ಪಿಸೋ 'ಝೀರೋ ಡೆಪ್' ಅನ್ನೋ ಆಡ್-ಆನ್ ಈ ವಯಸ್ಸಿನ ಕಾರಿಗೆ ಸಾಮಾನ್ಯವಾಗಿ ಕೊಡೋದೇ ಇಲ್ಲ. ಹಾಗಾದರೆ ಯಾವನೋ ಹಿಂದಿನಿಂದ ಗುದ್ದಿ 8 ಲಕ್ಷದ ಬಿಡಿಭಾಗ ಬೇಕಾಯ್ತು ಅನ್ನಿ, ಹೆಚ್ಚುಕಮ್ಮಿ 4 ಲಕ್ಷ ನಿಮ್ಮದೇ.

ಇನ್ನೂ ಒಂದು ತಮಾಷೆ ಇದೆ. ರಿಪೇರಿ ಖರ್ಚು ಕಾರಿನ ಐಡಿವಿಯ (ಅಂದರೆ ಪಾಲಿಸಿಯಲ್ಲಿ ಬರೆದಿರೋ ಕಾರಿನ ಬೆಲೆ) ಶೇ. 75 ದಾಟಿದರೆ ಅದನ್ನ ಪೂರ್ತಿ ನಷ್ಟ ಅಂತ ಲೆಕ್ಕ ಹಾಕಿಬಿಡ್ತಾರೆ. ಹೊಸ ಕಾರಿಗೆ ಈ ಗೆರೆ ದಾಟಬೇಕಾದರೆ ಲಾರಿ ಕೆಳಗೇ ಹೋಗಬೇಕು. ಹಳೇ ಕಾರಿನ ಐಡಿವಿ 40 ಲಕ್ಷ ಇದ್ದರೆ ಗೆರೆ ಇರೋದು 30 ಲಕ್ಷಕ್ಕೆ. ಹೊಸ ಕಾರಿನ ರೇಟಿನ ಎಂಜಿನ್ನು, ಗೇರ್‌ಬಾಕ್ಸು ಹಾಕಿಸಬೇಕು ಅಂದರೆ ಆ ಗೆರೆ ಏನು ಮಹಾ ದೂರ? ಬೇಸ್‌ಮೆಂಟಿನಲ್ಲಿ ಒಂದು ರಾತ್ರಿ ನೀರು ತುಂಬಿದರೆ ಸಾಕು.

ನೀರು ಅಂದಾಗ ನೆನಪಾಯ್ತು. 2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಯಮಲೂರು, ಬೆಳ್ಳಂದೂರು ಕಡೆ ಟ್ರ್ಯಾಕ್ಟರ್ ಹತ್ತಿ ಜನ ಆಫೀಸಿಗೆ ಹೋಗಿದ್ದು, ವಿಲ್ಲಾಗಳ ಮುಂದೆ ದುಬಾರಿ ಕಾರುಗಳು ಛಾವಣಿ ತನಕ ಮುಳುಗಿ ನಿಂತಿದ್ದು ಎಲ್ಲರೂ ನೋಡಿದ್ದೇವೆ. ಮುಳುಗಿದ ಕಾರುಗಳೆಲ್ಲ ಸ್ವರ್ಗಕ್ಕೆ ಹೋಗಲಿಲ್ಲ. ಪೂರ್ತಿ ನಷ್ಟ ಅಂತ ಬರೆದ ಕಾರನ್ನ ಇನ್ಶೂರೆನ್ಸಿನವರು ಹಾಗೇ ಮಾರ್ತಾರೆ, ಯಾರೋ ಕೊಂಡು ತೊಳೆದು ಒಣಗಿಸಿ ಮತ್ತೆ ಮಾರ್ಕೆಟ್ಟಿಗೆ ಬಿಡಬಹುದು. ನೀವು ಯಾವ ಹಳೇ ಕಾರು ನೋಡೋಕೆ ಹೋದರೂ ಸೀಟ್ ಬೆಲ್ಟನ್ನ ಕೊನೇ ತನಕ ಎಳೆದು ನೋಡಿ. ಹೊರಗೆ ಕಾಣೋ ಭಾಗ ಶ್ಯಾಂಪೂ ಹಾಕಿ ತೊಳೆದಿರ್ತಾರೆ, ಒಳಗೆ ಸುತ್ತಿಕೊಂಡಿರೋ ಭಾಗದಲ್ಲಿ ಕೆಸರಿನ ಗೆರೆ ಉಳಿದಿರುತ್ತೆ. ಕಾರ್ಪೆಟ್ ಎತ್ತಿ ಅದರ ಕೆಳಗಿನ ಸ್ಪಂಜು ಮುಟ್ಟಿ ನೋಡಿ, ವೈರಿನ ಕನೆಕ್ಟರಿನಲ್ಲಿ ಹಸಿರು ಕಿಲುಬು ಇದೆಯಾ ನೋಡಿ. ಡೀಲರ್ ಮುಖ ಗಂಟು ಹಾಕಿಕೊಂಡರೆ ಹಾಕಿಕೊಳ್ಳಲಿ, ಕಾಫಿ ಅವನದೇ ಕುಡಿಯಿರಿ, ಬೆಲ್ಟು ಮಾತ್ರ ಎಳೆಯಿರಿ.

ಇನ್ನು 'ಬೆಲೆ ಏರೋದೇ' ಅನ್ನೋ ಮಾತು. ಇದನ್ನ ಹೇಳೋರೆಲ್ಲ ಒಂದೇ ಕಥೆ ಉದಾಹರಣೆ ಕೊಡ್ತಾರೆ. ಅಮೆರಿಕದಲ್ಲಿರೋ ನಮ್ಮವರೂ ಇದನ್ನೇ ಹೇಳಿ ಹೊಟ್ಟೆ ಉರಿಸ್ತಾರೆ. 1997ರಲ್ಲಿ ಅನಾವರಣವಾದ 996 ಅನ್ನೋ ಪೀಳಿಗೆಯ 911, ನೀರಿನಿಂದ ತಣಿಯೋ ಎಂಜಿನ್ ಬಂದ ಮೊದಲ 911. ಹೆಡ್‌ಲೈಟು ಹುರಿದ ಮೊಟ್ಟೆ ಥರ ಇದೆ ಅಂತ ಜನ ಆಡಿಕೊಂಡರು. ಅದಕ್ಕಿಂತ ದೊಡ್ಡ ಸಮಸ್ಯೆ ಎಂಜಿನ್ ಒಳಗೆ ಇತ್ತು. ಇಂಟರ್‌ಮೀಡಿಯೇಟ್ ಶಾಫ್ಟ್ ಅಂತ ಒಂದು ದಂಡ, ಕ್ರ್ಯಾಂಕ್ ಶಾಫ್ಟಿನಿಂದ ಚಲನೆ ತೆಗೆದುಕೊಂಡು ಕ್ಯಾಮ್‌ಗಳಿಗೆ ಮುಟ್ಟಿಸೋದು. ಅದರ ಒಂದು ತುದಿಯಲ್ಲಿರೋ ಬೇರಿಂಗು ಸವೆದು ಒಡೆದರೆ ವಾಲ್ವಿನ ಲೆಕ್ಕಾಚಾರ ತಪ್ಪಿ ಇಡೀ ಎಂಜಿನ್ನೇ ಗುಜರಿ. ಎಲ್ಲ ಕಾರಿಗೂ ಆಗಲಿಲ್ಲ, ಆಗಿದ್ದು ಕೆಲವಕ್ಕೆ. ಆದರೆ ಯಾವುದಕ್ಕೆ ಆಗುತ್ತೆ ಅಂತ ಹೊರಗಿನಿಂದ ಗೊತ್ತಾಗಲ್ಲವಲ್ಲ! ಅಮೆರಿಕದಲ್ಲಿ ಗ್ರಾಹಕರೆಲ್ಲ ಸೇರಿ ಕೇಸು ಹಾಕಿ, 2013ರಲ್ಲಿ 2001ರಿಂದ 2005ರ ಮಾಡೆಲ್‌ಗಳಿಗೆ ಒಂದು ಒಪ್ಪಂದ ಆಯ್ತು. ಈ ಭಯದಿಂದಲೇ 996 ಬಹಳ ವರ್ಷ ಎಲ್ಲಕ್ಕಿಂತ ಅಗ್ಗದ 911 ಆಗಿ ಬಿದ್ದಿತ್ತು. ಆಮೇಲೆ ಬೇರಿಂಗು ಬದಲಾಯಿಸೋ ದಾರಿ ಎಲ್ಲರಿಗೂ ಗೊತ್ತಾಯ್ತು, ಹಳೇ ಏರ್-ಕೂಲ್ಡ್ 911ಗಳ ಬೆಲೆ ಆಕಾಶಕ್ಕೆ ಹೋಯ್ತು, ಜನ 996 ಕಡೆ ತಿರುಗಿದರು, ಬೆಲೆ ಏರಿತು. ಇದೇ ಆ ಪ್ರಖ್ಯಾತ 'ಇನ್ವೆಸ್ಟ್‌ಮೆಂಟ್' ಕಥೆ.

ಈ ಕಥೆಯಲ್ಲಿ ಬಿಟ್ಟುಹೋಗಿರೋದು ಏನು ಗೊತ್ತಾ? ಹತ್ತು ಹದಿನೈದು ವರ್ಷ ಆ ಕಾರನ್ನ ಸಾಕಿದವನ ಬಿಲ್ಲುಗಳು. ಕ್ಲಚ್ಚು, ಬೇರಿಂಗು, ರೇಡಿಯೇಟರು, ಟೈರು, ಪ್ರತಿ ವರ್ಷದ ಇನ್ಶೂರೆನ್ಸು. ಕೊಂಡ ಬೆಲೆ, ಮಾರಿದ ಬೆಲೆ ಎರಡನ್ನೇ ಪಕ್ಕಪಕ್ಕ ಇಟ್ಟು "ನೋಡಿದ್ಯಾ" ಅನ್ನೋದು ಲೆಕ್ಕ ಅಲ್ಲ. ಅದೇ ದುಡ್ಡಿಗೆ ಚಿನ್ನ ಕೊಂಡಿದ್ದರೆ ಅದಕ್ಕೆ ಆಯಿಲ್ ಚೇಂಜ್ ಬೇಕಿರಲಿಲ್ಲ. ಇನ್ನೂ ಒಂದು, ಅದೇ 996ರಲ್ಲಿ ಬೇರಿಂಗಿನ ತೊಂದರೆಯೇ ಇಲ್ಲದ ಬೇರೆ ಎಂಜಿನ್ ಇದ್ದ ಟರ್ಬೋ, ಜಿಟಿ3 ಮಾಡೆಲ್‌ಗಳ ದಾರಿಯೇ ಬೇರೆ. ಬೆಲೆ ಏರೋದು ಕಡಿಮೆ ಸಂಖ್ಯೆಯಲ್ಲಿ ಮಾಡಿದ, ಎಲ್ಲರೂ ಹುಡುಕೋ ಕಾರಿಗೆ. ನಾನು ನೋಡಿದ್ದು ಸಾದಾ ಕೇಮನ್. ಅದರ ಮೇಲೆ ನಮ್ಮ ಮಾರ್ಕೆಟ್ಟು ಎಷ್ಟು ಚಿಕ್ಕದು ಅಂದರೆ, ನಾಳೆ ಮಗಳ ಕಾಲೇಜು ಫೀಸಿಗೆ ತುರ್ತಾಗಿ ಮಾರಬೇಕು ಅಂದರೆ ಬೆಲೆ ಹೇಳೋನು ನಾನಲ್ಲ, ಕೊಳ್ಳೋಕೆ ಬಂದ ಆ ಒಬ್ಬನೇ ಒಬ್ಬ.

ಇನ್ವೆಸ್ಟ್‌ಮೆಂಟ್ ಅನ್ನೋ ಪದ ಯಾರಿಗೋಸ್ಕರ ಹುಟ್ಟಿದ್ದು ಅಂತ ನನಗೆ ಗುಮಾನಿ ಇದೆ. ಅದು ಹೆಂಡತಿಗೆ ಹೇಳೋ ಮಾತು. ಅಮ್ಮನಿಗೆ ಹೇಳೋ ಮಾತು. ಆಸೆ ಇದೆ ಅಂತ ಬಾಯಿಬಿಟ್ಟು ಹೇಳೋಕೆ ನಾಚಿಕೆ, ಅದಕ್ಕೆ ಒಂದು ಲಾಭದ ಲೇಬಲ್ಲು. ಈ ಸುಳ್ಳಿನಿಂದ ಆಗೋ ಹಾನಿ ಏನಂದರೆ, ಲಾಭ ಅಂತ ಹೇಳಿ ತಂದ ಕಾರನ್ನ ಆಮೇಲೆ ಓಡಿಸೋಕೂ ಆಗಲ್ಲ. ಕಿಲೋಮೀಟರ್ ಏರಿದರೆ ಬೆಲೆ ಇಳಿಯುತ್ತೆ ಅಂತ ಕವರ್ ಹೊದಿಸಿ ಮಲಗಿಸ್ತಾರೆ.

ಆ ಮಲಗಿದ ಕಾರೇ ಮುಂದಿನವನಿಗೆ "ಕಡಿಮೆ ಓಡಿದ್ದು ಸಾರ್, ಸಂಡೇ ಮಾತ್ರ ತೆಗೀತಿದ್ರು" ಅಂತ ಬರೋದು. ನಮ್ಮ ಹಿರಿಯರು ಹೇಳಿಕೊಟ್ಟ ಸೆಕೆಂಡ್ ಹ್ಯಾಂಡ್ ಜ್ಞಾನ ಒಂದೇ, ಕಡಿಮೆ ಓಡಿದ ಗಾಡಿ ತಗೋ. ಮಾರುತಿ 800ಕ್ಕೆ ಸರಿ ಇದ್ದಿರಬಹುದು. ಈ ಜಾತಿಯ ಕಾರಿಗೆ ಇದರಷ್ಟು ಕೆಟ್ಟ ಸಲಹೆ ಇನ್ನೊಂದಿಲ್ಲ. ನಿಂತ ಕಾರಿನಲ್ಲಿ ರಬ್ಬರ್ ಸೀಲುಗಳು ಒಣಗಿ ಬಿರುಕು ಬಿಡುತ್ವೆ, ಆಯಿಲ್ ಜಿನುಗುತ್ತೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತೆ, ಓಡಿಸಲಿ ಬಿಡಲಿ ಎರಡು ವರ್ಷಕ್ಕೊಮ್ಮೆ ಬದಲಾಯಿಸಲೇಬೇಕು. ಬ್ಯಾಟರಿ ಸಾಯುತ್ತೆ. ಬೇಸ್‌ಮೆಂಟಿನ ಇಲಿಗಳಿಗೆ ಜರ್ಮನ್ ವೈರಿನ ಮೇಲೆ ವಿಶೇಷ ಪ್ರೀತಿ. ಈಗ ಪೆಟ್ರೋಲೂ ಹಳೇದಲ್ಲ, ಬಂಕಿನಲ್ಲಿ ಸಿಗೋದು ಶೇ. 20 ಎಥನಾಲ್ ಬೆರೆತ ಇ20. ಈ ಕಾರು ಮಾಡಿದ್ದು ಶೇ. 10ರ ತನಕದ ಎಥನಾಲಿಗೆ. ಎಥನಾಲ್ ನೀರು ಹೀರೋ ವಸ್ತು, ಅದನ್ನ ಟ್ಯಾಂಕಿನಲ್ಲಿ ತುಂಬಿ ಆರು ತಿಂಗಳು ಕಾರು ನಿಲ್ಲಿಸೋದು ಅಂದರೆ ಪಾಯಸ ಮಾಡಿ ಆರು ತಿಂಗಳು ಕಪಾಟಿನಲ್ಲಿ ಇಟ್ಟ ಹಾಗೆ.

ಟೈರ್ ನೋಡಿ. ಪಕ್ಕದ ಗೋಡೆಯಲ್ಲಿ ನಾಲ್ಕು ಅಂಕೆ ಇರುತ್ತೆ. 2317 ಅಂದರೆ 2017ರ 23ನೇ ವಾರ ತಯಾರಾಗಿದ್ದು. ನಾನು ನೋಡಿದ ಕಾರಿನ ಹಿಂದಿನ ಟೈರುಗಳಲ್ಲಿ ಅಚ್ಚು ಹೊಸದರ ಹಾಗೇ ಇತ್ತು, ಅಂಕೆ ಮಾತ್ರ 0914. ಕಾರಿನ ಜೊತೆಗೇ ಹುಟ್ಟಿದ ಟೈರು! ಕಲ್ಲಿನ ಹಾಗೆ ಗಟ್ಟಿ. "ಟೈರು ಶೇ. 90 ಇದೆ ಸಾರ್" ಅಂದ ಡೀಲರ್. ಈ ಕಾರಿಗೆ ಮುಂದೆ ಒಂದು ಅಳತೆ, ಹಿಂದೆ ಒಂದು ಅಳತೆ, ಅದಲು ಬದಲು ಮಾಡೋ ಹಾಗಿಲ್ಲ. ಸ್ಟೆಪ್ನಿಯೂ ಇಲ್ಲ, ಒಂದು ಅಂಟಿನ ಬಾಟ್ಲು ಮತ್ತು ಗಾಳಿ ಹಾಕೋ ಪಂಪು ಕೊಟ್ಟಿರ್ತಾರೆ. ನಮ್ಮ ಹೊಂಡಕ್ಕೆ ಬಿದ್ದು ಟೈರಿನ ಪಕ್ಕೆ ಸೀಳಿದರೆ ಆ ಅಂಟು ಯಾವ ಮೂಲೆಗೂ ಸಾಲಲ್ಲ.

ಹಾಗಾದರೆ 14 ಸಾವಿರ ಅನ್ನೋದನ್ನಾದರೂ ನಂಬೋದು ಹೇಗೆ? ಇದಕ್ಕೆ ಒಂದು ಸುಲಭದ ಲೆಕ್ಕ ಇದೆ, ದಯವಿಟ್ಟು ಎಲ್ಲರೂ ನೆನಪಿಟ್ಟುಕೊಳ್ಳಿ. ಈ ಕಾರುಗಳ ಎಂಜಿನ್ ಕಂಪ್ಯೂಟರು ಎಂಜಿನ್ ಒಟ್ಟು ಎಷ್ಟು ಗಂಟೆ ಓಡಿದೆ ಅಂತ ಬರೆದಿಟ್ಟುಕೊಂಡಿರುತ್ತೆ. ಕೆಂಪು ಗೆರೆಯ ಹತ್ತಿರ ಮತ್ತು ಅದರಾಚೆ ಎಷ್ಟು ಸಲ ತಿರುಗಿಸಿದ್ದಾರೆ, ಯಾವ ಗಂಟೆಯಲ್ಲಿ ಅನ್ನೋದನ್ನೂ ಆರು ಮೆಟ್ಟಿಲುಗಳಲ್ಲಿ ದಾಖಲೆ ಮಾಡಿರುತ್ತೆ. ಸರಿಯಾದ ಸ್ಕ್ಯಾನರ್ ಹಾಕಿದರೆ ಹತ್ತು ನಿಮಿಷದಲ್ಲಿ ಕಾಗದ ಕೈಗೆ ಬರುತ್ತೆ. ಕಿಲೋಮೀಟರನ್ನ ಗಂಟೆಯಿಂದ ಭಾಗಿಸಿ. 14 ಸಾವಿರ ಕಿಲೋಮೀಟರು, 600 ಗಂಟೆ ಅಂದರೆ ಸರಾಸರಿ 23, ಬೆಂಗಳೂರಿಗೆ ಒಪ್ಪುವ ಮಾತು. 14 ಸಾವಿರಕ್ಕೆ 1,600 ಗಂಟೆ ಅಂದರೆ ಸರಾಸರಿ 8 ಕಿಲೋಮೀಟರ್ ಚಿಲ್ಲರೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲೇ ಸಂಸಾರ ಮಾಡಿದ್ದರೂ ಅಷ್ಟು ಕಡಿಮೆ ಬರೋದು ಕಷ್ಟ. ಮೀಟರ್ ಹಿಂದಕ್ಕೆ ಹೋಗಿದೆ ಅಂತಲೇ ಅರ್ಥ.

ನಾನು ಡೀಲರನ್ನ ಕೇಳಿದ್ದು ಈ ಒಂದು ಕಾಗದವನ್ನ. ಖರ್ಚು ನನ್ನದೇ ಅಂದೆ. ಕಾರನ್ನ ಒಂದು ಗಂಟೆ ಲಿಫ್ಟ್ ಮೇಲೆ ಎತ್ತಿ ಕೆಳಗಿನಿಂದ ನೋಡಬೇಕು ಅಂದೆ. ಮುಂದಿನ ಬಂಪರ್ ಒಳಗೆ ಎರಡೂ ಪಕ್ಕ ರೇಡಿಯೇಟರ್ ಇರುತ್ತೆ, ಗಾಳಿ ಬರೋ ಬಾಯಿಂದ ಎಲೆ, ಧೂಳು, ಪ್ಲಾಸ್ಟಿಕ್ ಕವರ್ ಎಲ್ಲ ಒಳಗೆ ಹೋಗಿ ಕೂತು ಒದ್ದೆಯಾಗಿ ಕೊಳೆತು ಲೋಹವನ್ನೇ ತಿನ್ನುತ್ತೆ. ನಮ್ಮ ಊರಿನ ಮಳೆಮರದ ಎಲೆ, ಟಬೂಬಿಯಾ ಹೂವು ಕವಿಗಳಿಗೆ ಚೆಂದ, ರೇಡಿಯೇಟರಿಗೆ ಅಲ್ಲ. ಗೇರ್‌ಬಾಕ್ಸ್ ಪಿಡಿಕೆ, ಎರಡು ಕ್ಲಚ್ಚಿನ ಆಟೋಮ್ಯಾಟಿಕ್ಕು. ಒಳ್ಳೇ ಗೇರ್‌ಬಾಕ್ಸು, ಆದರೆ ಒಳಗಿನ ಒಂದು ಸೆನ್ಸರ್ ಹೋದರೂ ಇಡೀ ಗೇರ್‌ಬಾಕ್ಸ್ ಬದಲಾಯಿಸೋದೇ ಬಹಳ ವರ್ಷ ಪದ್ಧತಿ ಆಗಿತ್ತು. ಆಮೇಲೆ ಬಿಚ್ಚಿ ರಿಪೇರಿ ಮಾಡೋರು ಹುಟ್ಟಿಕೊಂಡರು. ಇಷ್ಟೆಲ್ಲ ಇರುವಾಗ ಒಂದು ಗಂಟೆ ಲಿಫ್ಟು ಕೇಳೋದು ಅತಿಯಾಯ್ತಾ? "ಸಾರ್, ಪೋರ್ಷೆ ತಗೊಳ್ಳೋರು ಇಷ್ಟೆಲ್ಲ ಕೇಳಲ್ಲ ಸಾರ್" ಅಂತ ನಕ್ಕ. ಆ ನಗುವಿನಲ್ಲೇ ಈ ವ್ಯಾಪಾರದ ಪೂರ್ತಿ ಗುಟ್ಟು ಇದೆ. ಕೇಳದೇ ಇರೋದು ದೊಡ್ಡಸ್ತಿಕೆಯ ಲಕ್ಷಣ, ಕೇಳೋನು ಜುಗ್ಗ. ಅವರೆಕಾಯಿ ಕೊಳ್ಳುವಾಗ ಮೂಸಿ ನೋಡ್ತೀವಿ, ಸೊಗಡಿದೆಯಾ ಅಂತ. ಅರ್ಧ ಕೋಟಿ ಕೊಡುವಾಗ ಮೂಸಬಾರದಂತೆ.

ಹೊರ ರಾಜ್ಯದ ನಂಬರ್ ಪ್ಲೇಟಿನ ವಿಷಯ ಗೆಳೆಯರು ಬಹಳ ಹಗುರವಾಗಿ ಮಾತಾಡ್ತಾರೆ. ಪಾಂಡಿಚೇರಿ ಪ್ಲೇಟು ಹಾಕಿಕೊಂಡು ಬೆಂಗಳೂರಿನಲ್ಲಿ ಸುತ್ತೋದು ಒಂದು ಕಾಲದಲ್ಲಿ ಫ್ಯಾಷನ್ನೇ ಆಗಿತ್ತು, ಅಲ್ಲಿ ತೆರಿಗೆ ಕಡಿಮೆ. ನಮ್ಮಲ್ಲಿ 20 ಲಕ್ಷ ದಾಟಿದ ಕಾರಿಗೆ ಆಜೀವ ತೆರಿಗೆ ಶೇ. 18, ಅದರ ಮೇಲೆ ಸೆಸ್. ಕಾರು ಇಲ್ಲೇ ಇಟ್ಟುಕೊಂಡು ಓಡಿಸೋನು ಇಲ್ಲಿ ಕಟ್ಟಬೇಕು. ಹನ್ನೆರಡು ತಿಂಗಳು ದಾಟಿ ಬೇರೆ ರಾಜ್ಯದಲ್ಲಿ ಇಟ್ಟರೆ ಅಲ್ಲಿಯ ನಂಬರ್ ತೆಗೆದುಕೊಳ್ಳಬೇಕು ಅಂತ ಕೇಂದ್ರದ ಮೋಟಾರು ವಾಹನ ಕಾಯ್ದೆಯೇ ಹೇಳುತ್ತೆ. 2025ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮಹಾರಾಷ್ಟ್ರ ನೋಂದಣಿಯ ಒಂದು ಕೆಂಪು ಫೆರಾರಿಯನ್ನ ಸಾರಿಗೆ ಇಲಾಖೆಯವರು ಹಿಡಿದು 1.41 ಕೋಟಿಗೂ ಹೆಚ್ಚು ಕಟ್ಟಿಸಿಕೊಂಡರು. ಹಳೇ ಕಾರಿಗೆ ವಯಸ್ಸು ನೋಡಿ ತೆರಿಗೆ ಕಡಿಮೆ ಆಗುತ್ತೆ ನಿಜ, ಆದರೆ ಲೆಕ್ಕ ಶುರುವಾಗೋದು ಕಾರು ಹೊಸದಿದ್ದಾಗಿನ ಬೆಲೆಯಿಂದ, ನೀವು ಕೊಟ್ಟ ಅರ್ಧ ರೇಟಿನಿಂದಲ್ಲ. ಆ ರಾಜ್ಯದ ಎನ್‌ಒಸಿ ಸಿಗೋದು, ಸಾಲ ಇದ್ದರೆ ಬ್ಯಾಂಕಿನಿಂದ ಅದನ್ನ ತೆಗೆಸೋದು, ಇದೆಲ್ಲ ನಾನು ಮಾಡಿಕೊಡ್ತೀನಿ ಅಂತ ಡೀಲರ್ ಹೇಳಿದರೆ, ಮಾಡಿಕೊಟ್ಟ ಮೇಲೆ ದುಡ್ಡು ಕೊಡ್ತೀನಿ ಅನ್ನಿ. ನಾನು ಅಂದೆ. ಮಾತು ಬದಲಾಯಿಸಿದ.

ಇಷ್ಟು ಹೊತ್ತು ಓದಿ ಎರಡನೇ ಪಂಗಡದವರು ಖುಷಿಯಾಗಿರ್ತೀರಿ. "ನಾವು ಹೇಳಲಿಲ್ವಾ" ಅಂತ. ತಡೀರಿ.

ನಿಮ್ಮ ಮೊದಲನೇ ಅಸ್ತ್ರ "ಈ ರಸ್ತೇಲಿ ಎಲ್ಲಿ ಓಡಿಸ್ತೀಯ?" ಪ್ರಶ್ನೆ ಸರಿಯಾಗಿದೆ, ಉತ್ತರ ನೀವು ಅಂದುಕೊಂಡದ್ದಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಮಿತಿ 100. 2024ರ ಆಗಸ್ಟ್ 1ರಿಂದ ರಾಜ್ಯದಲ್ಲಿ ಎಲ್ಲೇ ಆಗಲಿ 130 ದಾಟಿದರೆ ಎಫ್‌ಐಆರ್. ಬಹಳ ಸರಿಯಾದ ಕ್ರಮ, ನನಗೇನೂ ತಕರಾರಿಲ್ಲ. 264 ಕಿಲೋಮೀಟರ್ ವೇಗ ಹೋಗೋ ಕಾರಿಗೆ ಇಲ್ಲಿ ಆ ವೇಗದ ಕೆಲಸವೇ ಇಲ್ಲ. ವೇಗವೇ ಬೇಕು ಅನ್ನೋರು ಹೆಲ್ಮೆಟ್ ಹಾಕಿಕೊಂಡು ಚೆನ್ನೈ ಹತ್ತಿರ ಇರುಂಗಾಟುಕೋಟೈ ಟ್ರ್ಯಾಕಿಗೆ ಹೋಗಲಿ. ನನಗೆ ಬೇಕಾಗಿರೋದು ವೇಗ ಅಲ್ಲ. ಎಂಜಿನ್ ಮಧ್ಯದಲ್ಲಿ ಇರೋ ತಗ್ಗಿನ ಕಾರು 60ರಲ್ಲಿ ಒಂದು ತಿರುವಿಗೆ ಹೇಗೆ ಬಗ್ಗದೆ ತಿರುಗುತ್ತೆ ಅಂತ ಒಂದು ಸಲ ಕೂತು ನೋಡಿ. ಮಳೆ ನಿಂತ ಮೇಲೆ ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯೋ ದಾರಿ, ಕಳಸದಿಂದ ಕುದುರೆಮುಖದ ಕಡೆಯ ದಾರಿ... 50, 60 ಸಾಕು. ಎಸ್‌ಯುವಿ ಅದೇ ತಿರುವಿನಲ್ಲಿ ಎಮ್ಮೆ ಮಗ್ಗುಲು ಬದಲಾಯಿಸಿದ ಹಾಗೆ ಹೊರಳುತ್ತೆ. ಅದಕ್ಕೇ 500 ಅಶ್ವಶಕ್ತಿಯ ಕಾರು ಬೇಡ, 275ರದ್ದು ಸಾಕು ಅನ್ನೋದು. ನಮ್ಮ ರಸ್ತೆಗೆ ಇದೇ ಜಾಸ್ತಿ. ಹಂಪಿಗೆ ಹೊಟ್ಟೆ ತಾಗುತ್ತಾ? ತಾಗುತ್ತೆ, ಕೆಲವು ಕಡೆ. ಓರೆಯಾಗಿ ಹತ್ತಿಸಬೇಕು. ನಮ್ಮ ಅಪಾರ್ಟ್‌ಮೆಂಟಿನ ಇಳಿಜಾರನ್ನ ಟೇಪ್ ಹಿಡಿದು ಅಳತೆ ಮಾಡಿ ನೋಡಿದ್ದೀನಿ, ಸೆಕ್ಯುರಿಟಿಯವರು ನನಗೆ ಹುಚ್ಚು ಹಿಡಿದಿದೆ ಅಂದುಕೊಂಡಿದ್ದಾರೆ.

ಎರಡನೇ ಅಸ್ತ್ರ "ಅದೇ ದುಡ್ಡಿಗೆ ಫಾರ್ಚೂನರ್ ಬರ್ತಿತ್ತು." ಬರುತ್ತೆ. ನನಗೆ ಬೇಡ. ನಾವು ಮೂರು ಜನ, ಮನೇಲಿ ಒಂದು ಕಾರು ಆಗಲೇ ಇದೆ. ಏಳು ಸೀಟು ಖಾಲಿ ಹೊತ್ತುಕೊಂಡು ಮೆರವಣಿಗೆ ಹೊರಡೋಕೆ ನಾನು ಎಲೆಕ್ಷನ್ನಿಗೆ ನಿಂತಿಲ್ಲ.

ಮೂರನೇದು, ಎಲ್ಲಕ್ಕಿಂತ ದೊಡ್ಡದು. "ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು." ಇದನ್ನ ಹೇಳಿದವರು ಹೋದ ವರ್ಷ ಮಗನ ಮದುವೆಗೆ ಛತ್ರದ ಬಾಡಿಗೆ, ಹೂವಿನ ಅಲಂಕಾರ, ಡ್ರೋನ್ ಕ್ಯಾಮೆರಾ, ಎರಡು ಸಾವಿರ ಎಲೆ ಊಟ ಅಂತ ಎರಡೇ ದಿನದಲ್ಲಿ ಈ ಕಾರಿನಷ್ಟೇ ದುಡ್ಡು ಕರಗಿಸಿದ್ದಾರೆ. ಅಲ್ಲಿ ಯಾರೂ ರೀಸೇಲ್ ವ್ಯಾಲ್ಯೂ ಕೇಳಲಿಲ್ಲ! ಖಾಲಿ ಬಿಟ್ಟ ಮೂರನೇ ಸೈಟಿನ ಮೇಲೆ ಬೆಳೆದ ಪಾರ್ಥೇನಿಯಂ ಕೂಡ ಅವರ ಪ್ರಕಾರ ಉಳಿತಾಯ. ನಾಲ್ಕು ಜನ ನೋಡಿ ಮೆಚ್ಚೋ ಖರ್ಚು ಗೌರವದ ಖರ್ಚು, ಒಬ್ಬನೇ ಕೂತು ಸಂತೋಷಪಡೋ ಖರ್ಚು ದುಂದು. ಈ ಲೆಕ್ಕ ಯಾರು ಬರೆದಿದ್ದೋ ನನಗೆ ಒಪ್ಪಿಗೆ ಇಲ್ಲ. ಸಾಲ ಮಾಡಿ ತರ್ತಿದ್ದರೆ ಬೈಯಿರಿ, ಮಗಳ ಓದಿನ ದುಡ್ಡು ಮುಟ್ಟಿದ್ದರೆ ಇನ್ನೂ ಬೈಯಿರಿ. ಎರಡೂ ಇಲ್ಲದಿರುವಾಗ ನಿಮ್ಮ ಗಾದೆ ನಿಮ್ಮ ಹತ್ತಿರವೇ ಇರಲಿ.

ಅಮ್ಮನಿಗೆ ನಾನು ಇನ್ವೆಸ್ಟ್‌ಮೆಂಟ್ ಅಂತ ಹೇಳಲಿಲ್ಲ. "ಅಮ್ಮ, ಇದು ಖರ್ಚು. ಹೋದ ದುಡ್ಡು ಹೋಗುತ್ತೆ. ಚಿಕ್ಕವನಿಂದ ಆಸೆ ಇತ್ತು" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮಪ್ಪ ಆ ಜಮೀನಿಗೆ ನೀರು ಹಾಯಿಸೋಕೆ ಎಷ್ಟು ರಾತ್ರಿ ನಿದ್ದೆಗೆಟ್ಟಿದ್ರು ಗೊತ್ತೇನೋ" ಅಂದಳು. ಆಮೇಲೆ, "ಎಷ್ಟು ಜನ ಕೂರಬಹುದು ಅದರಲ್ಲಿ?" ಅಂತ ಕೇಳಿದಳು. ಇಬ್ಬರು ಅಂದೆ. "ಹಾಗಾದ್ರೆ ನನ್ನನ್ನೊಂದ್ಸಲ ಧರ್ಮಸ್ಥಳಕ್ಕೆ ಕರ್ಕೊಂಡು ಹೋಗು, ಇನ್ಯಾರೂ ಬರೋ ಹಾಗಿಲ್ವಲ್ಲ" ಅಂದಳು. ಮೊದಲನೇ ಮಾತು ಮನಸ್ಸಿನಲ್ಲಿ ಹಾಗೇ ಕೂತಿದೆ. ಅದಕ್ಕೆ ನನ್ನ ಹತ್ತಿರ ವಾದ ಇಲ್ಲ, ಹುಡುಕೋದೂ ಇಲ್ಲ. ಆ ದುಡ್ಡಿನ ಹಿಂದೆ ಅಷ್ಟು ರಾತ್ರಿಗಳು ಇರೋದರಿಂದಲೇ ಲಿಫ್ಟ್ ಮೇಲೆ ಎತ್ತದ ಕಾರಿಗೆ ಅದನ್ನ ಕೊಡೋ ಹಾಗಿಲ್ಲ.

ಹಾಗಾಗಿ ಆ 52 ಲಕ್ಷದ ಕೇಮನ್ ಬೇಡ ಅಂತ ತೀರ್ಮಾನ ಮಾಡಿದ್ದೀನಿ. ಕಾರು ಬೇಡ ಅಂತಲ್ಲ. 50 ಇದ್ದರೆ 38ರೊಳಗಿನ ಕಾರು ನೋಡಬೇಕು, ಉಳಿದ 12 ಬೇರೆ ಖಾತೆಯಲ್ಲಿ ಅದರ ಹೆಸರಿಗೇ ಕೂತಿರಬೇಕು. ಅದು ಟೈರಿನ ದುಡ್ಡು, ಬ್ರೇಕಿನ ದುಡ್ಡು, ಇನ್ಶೂರೆನ್ಸಿನವರು ಕೊಡದ ಆ ಅರ್ಧದ ದುಡ್ಡು. ಹಾಗೆ ಇಡೋಕೆ ಆಗದಿದ್ದರೆ ಆ ಕಾರು ನನ್ನ ಕೈಗೆ ಎಟುಕಿಲ್ಲ ಅಂತಲೇ ಲೆಕ್ಕ, ಬೆಲೆ ಎಷ್ಟೇ ಇರಲಿ. ಕರ್ನಾಟಕದ್ದೇ ನಂಬರ್ ಇರಬೇಕು. ಕಿಲೋಮೀಟರ್ ಕಡಿಮೆ ಬೇಡ, ಬಿಲ್ಲು ಪೂರ್ತಿ ಬೇಕು.

ಡೀಲರ್ ನಿನ್ನೆ ಮೆಸೇಜ್ ಕಳಿಸಿದ್ದ, "ಸಾರ್, ಇನ್ನೊಬ್ಬರು ಅಡ್ವಾನ್ಸ್ ಕೊಡೋಕೆ ರೆಡಿ ಇದ್ದಾರೆ, ನಿಮಗೋಸ್ಕರ ಹಿಡಿದಿಟ್ಟಿದ್ದೀನಿ" ಅಂತ. ಗಂಟೆಗಳ ರಿಪೋರ್ಟ್ ಬಂತಾ ಅಂತ ಕೇಳಿದೆ. ಎರಡು ನೀಲಿ ಗೆರೆ ಬಿತ್ತು, ಅಷ್ಟೇ.

ಮೈಸೂರಿನಲ್ಲಿ ಒಬ್ಬ ಡಾಕ್ಟರ ಹತ್ತಿರ 2013ರ ಬಾಕ್ಸ್‌ಸ್ಟರ್ ಒಂದಿದೆಯಂತೆ. 46 ಸಾವಿರ ಓಡಿದೆ, ಎರಡು ಸಲ ಟೈರ್ ಬದಲಾಗಿದೆ, ಎಲ್ಲ ಬಿಲ್ಲು ಫೈಲಿನಲ್ಲಿ ಇಟ್ಟಿದ್ದಾರೆ. ಸ್ಕ್ಯಾನರ್ ತರ್ತೀನಿ ಅಂದಿದ್ದಕ್ಕೆ "ಬನ್ನಿ, ನಮ್ಮ ಮೆಕ್ಯಾನಿಕ್ಕೂ ಇರ್ತಾರೆ" ಅಂದರು. ಬಟ್ಟೆಯ ಟಾಪು, ಅದರ ನೀರು ಹೋಗೋ ದಾರಿ ಕಟ್ಟಿಕೊಂಡಿದೆಯಾ ಅಂತ ಮೊದಲು ನೋಡಬೇಕು. ಶನಿವಾರ ಬೆಳಿಗ್ಗೆ ಹೊರಡ್ತಿದ್ದೀನಿ, ಸದ್ಯಕ್ಕೆ ನಮ್ಮ ಹಳೇ ವ್ಯಾಗನ್ ಆರ್‌ನಲ್ಲಿ :)